ಐದು ಅಕ್ಷರದ ಅರಸ

— ತಗೋ ಕಣಮ್ಮ, ನಿನ್ನ ಪುಸ್ತಕ. ನಿಧಾನವಾಗಿ ಓದಿ ಅಂತ ಕೊಟ್ಟಿದ್ದೆ. ಮೂರು ನಿಮಿಷಕ್ಕೆ ಮುಗಿದುಹೋಯ್ತು.

— ಬನ್ನಿ ಮೇಷ್ಟ್ರೇ. ಅಯ್ಯೋ, ಆ ಕುರ್ಚಿ ಬೇಡ, ಬಣ್ಣ ಒಣಗಿಲ್ಲ. ಈ ಸ್ಟೂಲ್ ಮೇಲೆ ಕೂತ್ಕೊಳ್ಳಿ. ಯಾಕೆ, ಹಿಡಿಸಲಿಲ್ವಾ?

— ಹಿಡಿಸೋಕೆ ಅದರಲ್ಲಿ ಏನಾದರೂ ಇರಬೇಕಲ್ಲ! ಪುಟಕ್ಕೆ ಒಂದು ಸಾಲು, ಎರಡು ಸಾಲು. ಒಬ್ಬಳು ಅಜ್ಜಿ, ಒಬ್ಬ ಮೊಮ್ಮಗ, ಇಬ್ಬರೂ ಸೇರಿ ಕೊಬ್ಬರಿ ಮಿಠಾಯಿ ಮಾಡ್ತಾರೆ. ಅಷ್ಟೇ. ನಮ್ಮ ತಿಪಟೂರಿನವನ ಕೈಗೆ ತೆಂಗಿನಕಾಯಿ ಕಥೆ ಕೊಟ್ಟಿದೀಯಲ್ಲ! ಅದೂ ಅಲ್ದೆ ಹಸಿ ಕಾಯಿಯಲ್ಲಿ ಮಾಡಿದ್ದಕ್ಕೆ ಕೊಬ್ಬರಿ ಮಿಠಾಯಿ ಅನ್ನೋದೇ ತಪ್ಪು. ಕೊಬ್ಬರಿ ಬೇರೆ, ಕಾಯಿ ಬೇರೆ.

— ಸರಿ, ಕಾಯಿ ಬರ್ಫಿ ಅನ್ನೋಣ. ಮೊಮ್ಮಗಳು ಏನಂದ್ಲು?

— ಅದನ್ನೇ ಹೇಳೋಕೆ ಬಂದೆ. 'ಮುಗೀತು ಪುಟ್ಟಿ' ಅಂದೆ. 'ಇಲ್ಲ ತಾತ, ಇನ್ನೂ ಇದೆ' ಅಂತ ಕೈಯಿಂದ ಕಿತ್ಕೊಂಡ್ಲು. ನಾನು ಕಾಫಿ ಕುಡಿದೆ, ಪೇಪರ್ ಓದಿದೆ, ಕೆಳಗೆ ಹೋಗಿ ಮೊಸರು ತಂದೆ. ವಾಪಸ್ ಬಂದು ನೋಡಿದರೆ ನೆಲದ ಮೇಲೆ ಮಕಾಡೆ ಮಲಗಿ ಇನ್ನೂ ಚಿತ್ರದ ಮೇಲೆ ಬೆರಳಾಡಿಸ್ತಾ ಇದಾಳೆ. ಸಂಜೆ ಏನಾಯ್ತು ಗೊತ್ತಾ? ಬಾಲ್ಕನಿಯಲ್ಲಿ ಬಟ್ಟೆ ಒಣಗಿಸೋ ಹಗ್ಗ ಬಿಚ್ಚಿ, ಕಂಬಿ ಮೇಲೆ ಹಾಯಿಸಿ, ನನ್ನ ಕನ್ನಡಕದ ಡಬ್ಬಿನ ಕಟ್ಟಿ ಮೇಲಕ್ಕೆ ಎಳೀತಿದ್ದಳು.

— ಹಾಗಾದ್ರೆ ಅದು ಮೂರು ನಿಮಿಷದ ಪುಸ್ತಕ ಹೇಗಾಯ್ತು ಮೇಷ್ಟ್ರೇ? ನೀವು ಅಕ್ಷರ ಓದಿ ಮುಗಿಸಿದ್ರಿ, ಅವಳು ಮಿಕ್ಕಿದ್ದನ್ನ ಓದಿದ್ಲು.

— ಮಾತಲ್ಲಿ ನಿನ್ನ ಗೆಲ್ಲೋಕಾಗಲ್ಲ. ಆದರೂ ಒಂದು ಒಪ್ಕೋತೀನಿ. ಆ ಚಿತ್ರಗಳಲ್ಲಿರೋ ಸನ್ನೆ, ರಾಟೆ, ಇಳಿಜಾರು, ಬೆಣೆ ಇವನ್ನೆಲ್ಲ ಮಕ್ಕಳಿಗೆ ಹೇಳ್ಕೊಡೋಕೆ ನಾನು ಒಂದೊಂದು ವರ್ಷ ಒಂದೊಂದು ವಾರ ಒದ್ದಾಡ್ತಿದ್ದೆ. ನಮ್ಮೂರಲ್ಲಿ ಹಾರೆ ನೆಟ್ಟು ಕಾಯಿ ಸುಲೀತಾರಲ್ಲ, ಅದೇ ಬೆಣೆ ಅಂತ ಹೇಳೋಕೆ ನನಗೆ ಹೊಳೆದಿರಲೇ ಇಲ್ಲ. ಯಾರು ಬರೆದಿದ್ದು ಇದನ್ನ?

— ರಾಜೀವ್ ಐಪ್. ಕಥೆನೂ ಅವರದೇ, ಚಿತ್ರನೂ ಅವರದೇ. ಇಲ್ಲೇ ಬೆಂಗಳೂರಿನಲ್ಲಿ ಕೆಲಸ ಮಾಡೋರು. ಪ್ರಕಟಿಸಿದ್ದು ಪ್ರಥಮ್ ಬುಕ್ಸ್, ಅದೂ 2004ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಸಂಸ್ಥೆ. ಅವರದೇ ಇನ್ನೊಂದು ಇದೆ, 'ಆನಂದ್' ಅಂತ. ಕಸ ತಗೊಂಡು ಹೋಗೋ ಒಬ್ಬ ಖುಷಿಯ ಮನುಷ್ಯನ ಕಥೆ. ನಮ್ಮ ಗೇಟಿಗೆ ದಿನಾ ಬೆಳಿಗ್ಗೆ ಹಾಡು ಹಾಕ್ಕೊಂಡು ಕಸದ ಗಾಡಿ ಬರುತ್ತಲ್ಲ, ಅದರ ಹಿಂದೆ ನಿಂತಿರೋ ಹುಡುಗನ ಮುಖ ನಮ್ಮಲ್ಲಿ ಎಷ್ಟು ಜನ ನೋಡಿದೀವಿ? ಚಿತ್ರ ಬರೆಯೋನು ನೋಡಲೇಬೇಕು. ಬರಹಗಾರ 'ಒಬ್ಬ ಕಸದವನಿದ್ದ' ಅಂತ ಬರೆದು ಮುಂದೆ ಹೋಗಿಬಿಡಬಹುದು. ಚಿತ್ರಗಾರನಿಗೆ ಆ ಅನುಕೂಲ ಇಲ್ಲ. ಅವನ ಅಂಗಿಗೆ ಎಷ್ಟು ಗುಂಡಿ, ಕೈಗೆ ಗ್ಲೌಸ್ ಇದೆಯೋ ಇಲ್ಲವೋ, ಚಪ್ಪಲಿ ಯಾವ ಥರದ್ದು, ಎಲ್ಲಕ್ಕೂ ಉತ್ತರ ಹುಡುಕಲೇಬೇಕು.

— ಅದೆಲ್ಲ ಸರಿ. ಆದರೆ ನನ್ನ ತಕರಾರು ಇನ್ನೂ ಹಾಗೇ ಇದೆ. ರಾಜರತ್ನಂ ಅವರ 'ತುತ್ತೂರಿ'ಗೆ ಯಾವ ಚಿತ್ರ ಬೇಕಿತ್ತು ಹೇಳು? ಪಂಜೆ ಮಂಗೇಶರಾಯರು 1921ರಲ್ಲೇ ಮಂಗಳೂರಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದರು. ಅವರ ಪದ್ಯ ನಾಲಗೆ ಮೇಲೆ ಕೂತರೆ ಮತ್ತೆ ಇಳೀತಿರಲಿಲ್ಲ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಹೇಳ್ತಿದ್ದರೆ ಕ್ಲಾಸಿನ ತುಂಬಾ ಇಲಿ ಓಡಾಡ್ತಿದ್ದವು, ಒಂದೇ ಒಂದು ಚಿತ್ರ ಇಲ್ದೆ. ಕಣ್ಮುಂದೆ ಚಿತ್ರ ಇಟ್ಟುಬಿಟ್ಟರೆ ಮಗು ತಾನೇ ಕಲ್ಪಿಸ್ಕೊಳ್ಳೋದೇನು ಉಳೀತು?

— ಬೊಮ್ಮನಹಳ್ಳಿ ಅಂದ್ರೆ ಹೊಸೂರು ರಸ್ತೆ ಬೊಮ್ಮನಹಳ್ಳಿ ಅಂತಲೇ ನಾನು ಏಳನೇ ಕ್ಲಾಸಿನವರೆಗೂ ನಂಬಿದ್ದೆ. ಸಿಲ್ಕ್ ಬೋರ್ಡ್ ಹತ್ತಿರ ಇಲಿಗಳು ಸಾಲಾಗಿ ಹೋಗೋ ಹಾಗೆ ಕಾಣ್ತಿತ್ತು.

— ನೋಡಿದ್ಯಾ! ಅದೇ ನಾನು ಹೇಳ್ತಿರೋದು.

— ಮೇಷ್ಟ್ರೇ, ಅವು ಕಿವಿಯ ಪುಸ್ತಕಗಳು. ನಮ್ಮ ಭಾಷೆಯಲ್ಲಿ ಕಿವಿಗೆ ಬರೆದವರು ದೊಡ್ಡವರು, ಅವರ ಪಕ್ಕ ನಿಲ್ಲೋ ಯೋಗ್ಯತೆ ನನಗಿಲ್ಲ. ಅಂಥ ಪದ್ಯದ ಪಕ್ಕ ಚಿತ್ರ ಹಾಕಿದ್ರೆ ಅದು ಪಾಯಸದ ಮೇಲಿನ ದ್ರಾಕ್ಷಿ ಗೋಡಂಬಿ. ಇದ್ರೆ ಚೆಂದ, ಇಲ್ದಿದ್ರೂ ಪಾಯಸ ಪಾಯಸವೇ. ನಾನು ಹೇಳ್ತಿರೋ ಜಾತಿ ಬೇರೆ. ಅದರಲ್ಲಿ ಚಿತ್ರ ಬೆಲ್ಲ ಇದ್ದ ಹಾಗೆ. ತೆಗೆದ್ರೆ ಉಳಿಯೋದು ಅಕ್ಕಿ ಗಂಜಿ. ಒಂದು ಉದಾಹರಣೆ ಕೊಡ್ತೀನಿ. 'ಅಜ್ಜಿಗೆ ಯಾವುದಕ್ಕೂ ಹೆದರಿಕೆ ಇಲ್ಲ.' ಈ ಸಾಲು ಹೇಗಿದೆ?

— ಏನಿದೆ ಅದರಲ್ಲಿ. ಸಪ್ಪೆ.

— ಈಗ ಚಿತ್ರ ನೋಡಿ. ಅಜ್ಜಿ ಮಂಚದ ಮೇಲೆ ಸೆರಗು ಎತ್ತಿ ಕಟ್ಟಿ ನಿಂತಿದಾಳೆ. ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ದೇವರ ಪಟ. ನೆಲದ ಮೂಲೆಯಲ್ಲಿ ಒಂದು ಜಿರಳೆ.

— ಹಹ್ಹಾ. ನಮ್ಮ ಮನೆಯವಳೇ ಸರಿ.

— ನೀವು ನಕ್ಕಿದ್ದು ಸಾಲಿಗೂ ಅಲ್ಲ, ಚಿತ್ರಕ್ಕೂ ಅಲ್ಲ. ಎರಡಕ್ಕೂ ಹೊಂದಾಣಿಕೆ ಆಗದೆ ಇದ್ದದ್ದಕ್ಕೆ. ಆ ಸಂದಿಯಲ್ಲಿ ಮಗುಗೆ ಜಾಗ ಇರುತ್ತೆ. ಅಕ್ಷರ ಸುಳ್ಳು ಹೇಳ್ತಿದೆ, ಅದನ್ನ ತಾನು ಹಿಡಿದುಬಿಟ್ಟೆ ಅನ್ನೋ ಹೆಮ್ಮೆ ಇನ್ನೂ ಓದೋಕೆ ಬರದ ಮಗುಗೇ ಸಿಗೋದು. ಪ್ಯಾಟ್ ಹಚಿನ್ಸ್ ಅಂತ ಒಬ್ಬ ಇಂಗ್ಲಿಷ್ ಲೇಖಕಿ 1968ರಲ್ಲಿ ಒಂದು ಕೋಳಿ ಪುಸ್ತಕ ಮಾಡಿದ್ರು. ಇಡೀ ಪುಸ್ತಕಕ್ಕೆ ಇರೋದು ಒಂದೇ ವಾಕ್ಯ, ಮೂವತ್ತೆರಡು ಪದ. ಕೋಳಿ ತೋಟ ಸುತ್ತಿ ಮನೆಗೆ ಊಟಕ್ಕೆ ಬರುತ್ತೆ, ಅಷ್ಟೇ ವಿಷಯ. ಚಿತ್ರದಲ್ಲಿ ಮಾತ್ರ ಅದರ ಬೆನ್ನಿಗೆ ಒಂದು ನರಿ. ಆ ನರಿ ವಿಷಯ ಅಕ್ಷರದಲ್ಲಿ ಎಲ್ಲೂ ಇಲ್ಲ! ಓದೋ ದೊಡ್ಡವರು ಗಂಭೀರವಾಗಿ ಕೋಳಿ ಕಥೆ ಹೇಳ್ತಿದ್ರೆ ತೊಡೆ ಮೇಲಿರೋ ಮಗು 'ನರಿ! ನರಿ!' ಅಂತ ಕೂಗುತ್ತೆ. ಕಲ್ಪನೆ ಸಾಯೋದು ಇಲ್ಲಿ ಎಲ್ಲಿ?

— ಕೆಟ್ಟ ಚಿತ್ರದಲ್ಲಿ ಸಾಯುತ್ತೆ. 'ನಾಯಿ ಓಡಿತು' ಅಂತ ಬರೆದು ಪಕ್ಕದಲ್ಲಿ ಓಡೋ ನಾಯಿ ಹಾಕೋದು. ನಮ್ಮ ಹಳೇ ಪಠ್ಯಪುಸ್ತಕದ ತುಂಬಾ ಅದೇ.

— ಅದನ್ನ ನೀವೇ ಹೇಳಿದ್ದು ಒಳ್ಳೇದಾಯ್ತು.

— ಇನ್ನೊಂದು ಕೇಳ್ತೀನಿ. ಕಥೆನೂ ಚಿತ್ರನೂ ಒಬ್ಬರೇ ಮಾಡೋದು ಹೊಸ ಕಾಲದ ಶೋಕಿ ತಾನೇ? ಕವಿ ಕವಿತೆ ಬರೀಲಿ, ಕಲಾವಿದ ಚಿತ್ರ ಬರೀಲಿ.

— ಹೊಸದೇನಲ್ಲ. ಕಾರಂತರನ್ನ ಮರೆತ್ರಾ? 1930ರ ದಶಕದಲ್ಲೇ ಮೂರು ಸಂಪುಟ 'ಬಾಲ ಪ್ರಪಂಚ' ಮಾಡಿದ ಮನುಷ್ಯ. ಪುತ್ತೂರಲ್ಲಿ ಸ್ವಂತ ಮುದ್ರಣಾಲಯ ಇಟ್ಕೊಂಡು, ಮಕ್ಕಳಿಗೆ ಅಂತ ಬಾಲವನ ಕಟ್ಟಿದ್ರು. ಬರೆಯೋ ಕೈ, ಚಿತ್ರ ಹಾಕೋ ಕೈ, ಅಚ್ಚು ಜೋಡಿಸೋ ಕೈ ಬೇರೆ ಬೇರೆ ಅಂತ ಅವರಿಗೆ ಅನ್ನಿಸಲೇ ಇಲ್ಲ. ಆಮೇಲೆ ಯಾಕೋ ನಮ್ಮಲ್ಲಿ ಬರೆಯೋನು ಯಜಮಾನ, ಚಿತ್ರ ಹಾಕೋನು ಕೂಲಿ ಅನ್ನೋ ಹಾಗಾಗಿ ಹೋಯ್ತು. ನಿಮ್ಮನ್ನೇ ಪರೀಕ್ಷೆ ಮಾಡ್ತೀನಿ. ಚಿಕ್ಕಂದಿನಲ್ಲಿ ಚಂದಮಾಮ ಓದಿದೀರಲ್ಲ?

— ಓದಿದೀನಿ ಅಂದ್ರೆ! ನಮ್ಮಣ್ಣ ಹಳೇ ಸಂಚಿಕೆಗಳನ್ನೆಲ್ಲ ದಾರ ಹಾಕಿ ಹೊಲಿದು ಅಟ್ಟದ ಮೇಲೆ ಇಟ್ಟಿದ್ದ. ಆ ಮಹಾಭಾರತದ ಮುಖಚಿತ್ರಗಳು! ಎಂ.ಟಿ.ವಿ. ಆಚಾರ್ಯ. ನಮ್ಮ ಕನ್ನಡದವರೇ. ಆ ಭೀಮನ ತೋಳು, ಆ ದ್ರೌಪದಿಯ ಸೀರೆಯ ಅಂಚು... ಈಗಲೂ ಭೀಷ್ಮ ಅಂದ್ರೆ ನನ್ನ ತಲೆಗೆ ಬರೋದು ಆಚಾರ್ಯರ ಭೀಷ್ಮನೇ. ಬೇತಾಳನ್ನ ಹೆಗಲ ಮೇಲೆ ಹೊತ್ತ ವಿಕ್ರಮಾದಿತ್ಯ ಇದ್ದನಲ್ಲ, ಅದು ಶಂಕರ್ ಅಂತ ಬೇರೆ ಕಲಾವಿದರದ್ದು.

— ಆ ಸಂಚಿಕೆಗಳಲ್ಲಿ ಕಥೆ ಬರೆದವರು ಯಾರು?

— ...ಅದು... ತಡಿ, ನೆನಪು ಮಾಡ್ಕೋತೀನಿ.

— ನಿಧಾನವಾಗಿ ಮಾಡ್ಕೊಳ್ಳಿ.

— ಸಾಕು ಬಿಡು, ನೀನು ಹೀಗೆ ಸಿಕ್ಕಿಸ್ತೀಯ ಅಂತ ಗೊತ್ತಿದ್ರೆ ಬಾಯೇ ಬಿಡ್ತಿರಲಿಲ್ಲ.

— ಸಿಕ್ಕಿಸ್ತಿಲ್ಲ ಮೇಷ್ಟ್ರೇ. ನೀವು ಇಬ್ಬರು ಕಲಾವಿದರ ಹೆಸರು ಹೇಳಿದ್ರಿ, ಅದು ದೊಡ್ಡ ವಿಷಯ. ನನ್ನ ಮೊದಲ ಪುಸ್ತಕದಲ್ಲಿ ನನ್ನ ಹೆಸರೇ ಇರಲಿಲ್ಲ. ಯಾರ ಪ್ರಕಾಶನ ಅಂತ ಹೇಳೋದು ಬೇಡ. ನಾಲ್ಕು ತಿಂಗಳು ಕೂತು ಇಪ್ಪತ್ತನಾಲ್ಕು ಪುಟ ಚಿತ್ರ ಮಾಡಿಕೊಟ್ಟಿದ್ದೆ. ಅಚ್ಚಾಗಿ ಬಂದ ಮೇಲೆ ಮುಖಪುಟದಲ್ಲಿ ಲೇಖಕರ ಹೆಸರು ದಪ್ಪಕ್ಷರದಲ್ಲಿದೆ. ನಾನು ಹಿಂದೆ ತಿರುಗಿಸಿದೆ, ಮುಂದೆ ತಿರುಗಿಸಿದೆ. ಕೊನೆಗೆ ಕಾಪಿರೈಟ್ ಪುಟದ ತಳದಲ್ಲಿ 'ಒಳಪುಟ ವಿನ್ಯಾಸ' ಅಂತ ಇತ್ತು, ಅದರ ಮುಂದೆ ಅಚ್ಚುಕೂಟದ ಹೆಸರು! ಕೇಳಿದ್ದಕ್ಕೆ 'ಮುಂದಿನ ಮುದ್ರಣದಲ್ಲಿ ಸರಿ ಮಾಡೋಣ ಮೇಡಂ' ಅಂದ್ರು. ಮುಂದಿನ ಮುದ್ರಣ ಬರಲಿಲ್ಲ. ಲೇಖಕರಿಗೆ ಗೌರವಧನ ಪ್ರತಿ ವರ್ಷ, ನನಗೆ ಒಂದು ಸಲ ಚೆಕ್, ಮುಗೀತು.

— ಅದಕ್ಕೇ ಕಥೆನೂ ನೀನೇ ಬರೆಯೋಕೆ ಶುರು ಮಾಡಿದ್ಯಾ?

— ಅರ್ಧ ಕಾರಣ ಅದು. ಇನ್ನರ್ಧ ಅಂದ್ರೆ, ಬೇರೆಯವರು ಬರೆದು ಕಳಿಸಿದ ಕಥೆಯಲ್ಲಿ ನನಗೆ ಮಾಡೋಕೆ ಕೆಲಸವೇ ಇರ್ತಿರಲಿಲ್ಲ. 'ಕೆಂಪು ಲಂಗ ತೊಟ್ಟ, ಎರಡು ಜಡೆ ಹಾಕಿದ, ಗುಂಡು ಮುಖದ ರಾಣಿ' ಅಂತ ಎಲ್ಲಾ ಬರೆದೇ ಬಿಟ್ರೆ ನಾನು ಏನು ಮಾಡಲಿ? ಒಬ್ಬರೇ ಬರೆಯೋವಾಗ ಸಾಲು ಹೊಡೆದು ಹಾಕೋಕೆ ಯಾರನ್ನೂ ಕೇಳಬೇಕಿಲ್ಲ. ನನ್ನ ನೀರಿನ ಟ್ಯಾಂಕರ್ ಕಥೆಯ ಪುಸ್ತಕದ ಮೊದಲ ಕರಡಲ್ಲಿ ಏಳುನೂರು ಪದ ಇತ್ತು. ಈಗ ತೊಂಬತ್ತು.

— ಅದೇ, ನೀರಿನ ಟ್ಯಾಂಕರ್ ಮೇಲೆ ಯಾರಾದ್ರೂ ಮಕ್ಕಳ ಕಥೆ ಬರೀತಾರಾ? ಕಾಡು, ಹಸು, ಹುಲಿ ಇರಲಿ ಅನ್ಸಲ್ವಾ ನಿನಗೆ?

— ನಮ್ಮ ಈ ಬ್ರೂಕ್‌ಫೀಲ್ಡ್ ಮಗು ದಿನಾ ನೋಡೋದು ಏನು ಹೇಳಿ? ಟ್ಯಾಂಕರ್, ಜೆಸಿಬಿ, ಕ್ರೇನ್, ಮೆಟ್ರೋ ಕಂಬ. 2023ರ ಮಾರ್ಚಲ್ಲಿ ಕುಂದಲಹಳ್ಳಿ ಸ್ಟೇಷನ್ ಶುರುವಾಗೋ ತನಕ ವರ್ಷಗಟ್ಟಲೆ ಆ ಕಂಬಗಳು ಏಳೋದನ್ನೇ ನೋಡ್ಕೊಂಡು ಒಂದು ತಲೆಮಾರಿನ ಮಕ್ಕಳು ಸ್ಕೂಲ್ ವ್ಯಾನಲ್ಲಿ ಕೂತು ಬೆಳೆದವು. ಅವಕ್ಕೆ ಹುಲಿಗಿಂತ ಜೆಸಿಬಿನೇ ಹತ್ತಿರದ ಪ್ರಾಣಿ. 2024ರ ಬೇಸಿಗೆ ನೆನಪಿದೆಯಲ್ಲ? ನಮ್ಮ ಬಿಲ್ಡಿಂಗಲ್ಲಿ ನೀರಿಲ್ಲದೆ ಎಲ್ಲರೂ ಗೇಟಿನ ಕಡೆ ನೋಡ್ಕೊಂಡು ಕೂತಿದ್ವಿ. ಇಲ್ಲಿ ನೋಡಿ, ಈ ಪುಟ. ಅಕ್ಷರ ಇಷ್ಟೇ: 'ಇವತ್ತೂ ಬರಲಿಲ್ಲ.'

— ಬಕೆಟ್ಟು ನಾಲ್ಕನೇ ಮಹಡಿಯಿಂದ ಕೆಳಗಿನ ತನಕ ಮೆಟ್ಟಿಲಿಗೊಂದು ಸಾಲಾಗಿದೆ. ಇದು ಏನು, ಚೊಂಬಾ? ಮಗುವಿನ ಆಟದ ಚೊಂಬು. ಓಹೋ, ಕೊನೇ ಬಕೆಟ್ಟಲ್ಲಿ ಕಾಗೆ ಬಗ್ಗಿ ನೋಡ್ತಿದೆ! ಕಲ್ಲು ಹಾಕೋ ಕಾಗೆ!

— ನೋಡಿದ್ರಾ, ಅದು ಯಾವ ಕಾಗೆ ಅಂತ ನಾನು ಬರೆದಿಲ್ಲ. ನೀವೇ ಓದ್ಕೊಂಡ್ರಿ.

— ನಾನು ಹಿಂದೆ ಯಾವತ್ತೂ ಕೇಳಿಲ್ಲ. ಟೆಕ್ ಪಾರ್ಕಲ್ಲಿ ಒಳ್ಳೇ ಸಂಬಳದ ಕೆಲಸ ಬಿಟ್ಟು ಬಂದೆ ಅಂತಾರೆ?

— ಆರು ವರ್ಷ ಮೊಬೈಲ್ ಆ್ಯಪಿನ ಬಟನ್‌ಗೆ ಬಣ್ಣ ಹಚ್ಚಿದೆ ಮೇಷ್ಟ್ರೇ. ಹಸಿರು ಇರಲಾ, ಸ್ವಲ್ಪ ಕಡಿಮೆ ಹಸಿರು ಇರಲಾ ಅಂತ ಮೀಟಿಂಗ್. ಅದರಿಂದ ಒಂದು ಕಲಿತೆ: ಜನ ಎಲ್ಲಿ ನೋಡ್ತಾರೆ, ಎಷ್ಟು ಹೊತ್ತು ನೋಡ್ತಾರೆ ಅಂತ. ಅದು ಇಲ್ಲೂ ಕೆಲಸಕ್ಕೆ ಬರುತ್ತೆ. ಸಂಬಳದ ವಿಷಯ ಕೇಳಬೇಡಿ. ನಿಮ್ಮ ಪೇಪರ್ ಒಂದು ಹಾಳೆ ಕೊಡಿ ಇಲ್ಲಿ.

— ಇವತ್ತಿನ ಪ್ರಜಾವಾಣಿ ಅದು, ಪದಬಂಧ ಇನ್ನೂ ಬಾಕಿ ಇದೆ.

— ಹಿಂದಿನ ಹಾಳೆ ಸಾಕು. ನೋಡಿ, ಒಂದು ಹಾಳೆ. ಒಂದು ಸಲ ಮಡಚಿದೆ, ಎರಡು ಸಲ, ಮೂರು ಸಲ. ಅಂಚು ಕತ್ತರಿಸಿದ್ರೆ ಎಷ್ಟು ಎಲೆ? ಎಂಟು. ಎರಡೂ ಕಡೆ ಸೇರಿ ಹದಿನಾರು ಪುಟ. ಅದಕ್ಕೇ ಮಕ್ಕಳ ಪುಸ್ತಕ ಹದಿನಾರು, ಇಪ್ಪತ್ತನಾಲ್ಕು, ಮೂವತ್ತೆರಡು ಹೀಗೆ ಎಂಟರ ಲೆಕ್ಕದಲ್ಲಿ ಬರೋದು. ಕಥೆ ಹದಿನೇಳು ಪುಟ ಆಗ್ತೀನಿ ಅಂದ್ರೆ ಆಗಲ್ಲ. ಶೀರ್ಷಿಕೆ, ಕಾಪಿರೈಟ್, ಹಿಂಬದಿ ಹೋದ್ರೆ ನನಗೆ ಸಿಗೋದು ಹನ್ನೆರಡು ಹದಿಮೂರು ಪುಟ. ಈಗ ಇದರ ನಡು ಮಡಿಕೆ ನೋಡಿ. ಇಲ್ಲೇ ಪಿನ್ ಬೀಳೋದು. ಎರಡು ಪುಟಕ್ಕೂ ಹರಡಿ ಚಿತ್ರ ಹಾಕಿದ್ರೆ ನಡುವಿನದೆಲ್ಲ ಈ ಮಡಿಕೆ ನುಂಗುತ್ತೆ. ನನ್ನ ಎರಡನೇ ಪುಸ್ತಕದಲ್ಲಿ ಒಂದು ಹುಂಜ ಬರೆದಿದ್ದೆ. ಕಂಪ್ಯೂಟರ್ ಪರದೆ ಮೇಲೆ ಬಹಳ ಜೋರಾಗಿತ್ತು. ಅಚ್ಚಾಗಿ ಬಂದ ಮೇಲೆ ಒಂದು ಮಗು ಕೇಳ್ತು: '‌ಈ ಹುಂಜಕ್ಕೆ ಕೊಕ್ಕು ಯಾಕಿಲ್ಲ?'

— ಪಿನ್ ತಿಂದಿತ್ತಾ?

— ಪೂರ್ತಿ. ಅವತ್ತಿಂದ ಮೊದಲು ಕಾಗದ ಮಡಚಿ, ಪಿನ್ ಹೊಡೆದು, ಪೆನ್ಸಿಲಲ್ಲಿ ಒರಟು ಪುಸ್ತಕ ಮಾಡ್ಕೊಂಡೇ ಮುಂದಿನ ಕೆಲಸ. ನಾವು ಡಮ್ಮಿ ಅಂತೀವಿ. ಪುಟ ತಿರುಗಿಸೋದು ಕೂಡ ಕಥೆಯ ಭಾಗ ಅಂತ ಡಮ್ಮಿ ಇಲ್ದೆ ಗೊತ್ತಾಗಲ್ಲ. ಬಾಗಿಲು ತಟ್ಟಿದ ಸದ್ದು ಬಲಗಡೆ ಪುಟದಲ್ಲಿರಬೇಕು, ಬಂದವರು ಯಾರು ಅನ್ನೋದು ತಿರುಗಿಸಿದ ಮೇಲೆ. ಎರಡೂ ಎದುರುಬದುರು ಬಂದ್ರೆ ಕಥೆ ಅಲ್ಲೇ ಸತ್ತಹಾಗೆ.

— ಮತ್ತೆ ಅಕ್ಷರ ಎಲ್ಲಾ ಬರೀ ಕಪ್ಪು ಯಾಕೆ? ಚಿತ್ರ ಇಷ್ಟು ಬಣ್ಣಬಣ್ಣ, ಅಕ್ಷರಕ್ಕೆ ಒಂದು ನೀಲಿ ಹಚ್ಚಬಾರದಾ?

— ಒಳ್ಳೇ ಪ್ರಶ್ನೆ, ಅದರ ಹಿಂದೆ ದುಡ್ಡಿನ ಲೆಕ್ಕ ಇದೆ. ಅಚ್ಚಿಗೆ ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟು. ಅಕ್ಷರ ಶುದ್ಧ ಕಪ್ಪಲ್ಲಿದ್ರೆ ಕನ್ನಡದ್ದು ಮುಗಿದ ಮೇಲೆ ಕಪ್ಪು ಪ್ಲೇಟು ಒಂದನ್ನೇ ಬದಲಾಯಿಸಿ ತೆಲುಗು ಹೊಡೀಬಹುದು, ಒಡಿಯಾ ಹೊಡೀಬಹುದು. ಮಿಕ್ಕ ಮೂರು ಹಾಗೇ. ಅಕ್ಷರಕ್ಕೆ ನೀಲಿ ಹಚ್ಚಿದ್ರೆ ನೀಲಿ ಪ್ಲೇಟೂ ಹೊಸದು ಬೇಕು. ಅದಕ್ಕೇ ಚಿತ್ರದೊಳಗಿನ ಅಂಗಡಿ ಬೋರ್ಡಲ್ಲೂ ನಾವು ಏನೂ ಬರೆಯಲ್ಲ. ಇನ್ನು ಕನ್ನಡದ ತೊಂದರೆ ಕನ್ನಡಕ್ಕೇ. ಇಂಗ್ಲಿಷಿಗೆ ಅಂತ ಬಿಟ್ಟ ಜಾಗದಲ್ಲಿ ನಮ್ಮ ಒತ್ತಕ್ಷರ ಕೂರಲ್ಲ. 'ರಾಷ್ಟ್ರ' ಅಂತ ಒಂದು ಪದ ಬಂತು ಅಂದ್ರೆ ಕೆಳಗಿನ ಸಾಲಿನ ತಲೆ ಮೇಲೆ ಕಾಲಿಡುತ್ತೆ. ಸಾಲಿನ ನಡುವೆ ಜಾಗ ಬಿಡದೆ ಇಂಗ್ಲಿಷ್ ಅಳತೆಗೇ ಕನ್ನಡ ತುಂಬಿದ ಪುಸ್ತಕ ನೋಡಿದ್ರೆ ನನಗೆ ಪಿತ್ತ ನೆತ್ತಿಗೇರುತ್ತೆ.

— ಇಷ್ಟೆಲ್ಲ ಮಾಡಿ ಈ ಪುಸ್ತಕ ತಗೊಳ್ಳೋರು ಯಾರು? ನಮ್ಮ ಬಿಲ್ಡಿಂಗಿನ ಮಕ್ಕಳು ಇಂಗ್ಲಿಷ್ ಬಿಟ್ಟು ಮುಟ್ಟಲ್ಲ. ಆ ಕಡೆ ಕೂಲಿ ಕೆಲಸದವರ ಶೆಡ್ಡಿನ ಮಕ್ಕಳ ಹತ್ತಿರ ದುಡ್ಡಿಲ್ಲ.

— ಬಿಯಾಟ್ರಿಕ್ಸ್ ಪಾಟರ್ ಮೊಲದ ಕಥೆಗೆ ಪ್ರಕಾಶಕರು ಸಿಗದೆ 1901ರಲ್ಲಿ ತಾವೇ ದುಡ್ಡು ಹಾಕಿ ಅಚ್ಚು ಹಾಕಿಸಿದ್ದು 250 ಪ್ರತಿ. ಪುಟ್ಟ ಕೈಗೆ ಹಿಡಿಯೋ ಹಾಗಿರಬೇಕು, ಅಗ್ಗವಾಗಿರಬೇಕು ಅಂತ ಹಟ ಹಿಡಿದಿದ್ರು. ದುಡ್ಡಿನ ಕಷ್ಟ ಈ ಕಸುಬಿಗೆ ಹುಟ್ಟಿನಿಂದಲೇ ಇದೆ. ಪ್ರಥಮ್‌ನವರು 2015ರಲ್ಲಿ ಸ್ಟೋರಿವೀವರ್ ಅಂತ ಶುರು ಮಾಡಿ ಪುಸ್ತಕಗಳನ್ನ ಎಲ್ಲರಿಗೂ ಪುಕ್ಕಟೆ ಬಿಟ್ಟಿದಾರೆ. ಯಾರು ಬೇಕಾದ್ರೂ ಅನುವಾದ ಮಾಡಬಹುದು, ಅಚ್ಚು ಹಾಕ್ಕೋಬಹುದು. ಮಾಡಿದವರ ಹೆಸರು ಹಾಕಬೇಕು, ಅದೊಂದೇ ಷರತ್ತು. ಅದರಲ್ಲಿ ನಾಲ್ಕು ಹಂತ ಇವೆ. ಮೊದಲ ಹಂತ ಅಂದ್ರೆ 250 ಪದದ ಒಳಗೆ. ನೀವು ಶನಿವಾರ ಶೆಡ್ ಹತ್ತಿರ ಓದ್ತೀರಲ್ಲ, ಆ ಪುಸ್ತಕಗಳು ಬಹಳಷ್ಟು ಅಲ್ಲಿಂದ ತೆಗೆದು ಪ್ರಿಂಟ್ ಹಾಕಿದ್ದು.

— ಶೆಡ್ಡಿನ ವಿಷಯ ಬಂತಲ್ಲ, ಅದನ್ನೂ ಹೇಳಬೇಕಿತ್ತು. ಈಗ ಅಲ್ಲಿ ಹನ್ನೊಂದು ಮಕ್ಕಳು. ನಾಲ್ಕು ರಾಯಚೂರು ಕಡೆಯವು, ನನ್ನ ಕನ್ನಡಕ್ಕೆ ನಗ್ತಾವೆ. ಮೂರು ಬಂಗಾಳಿ, ಎರಡು ಒಡಿಯಾ, ಇನ್ನೆರಡು ಏನು ಭಾಷೆಯೋ ದೇವರಿಗೇ ಗೊತ್ತು. ಪುಸ್ತಕದಲ್ಲಿ ಆ ಶೃಂಗೇರಿ ಶ್ರೀನಿವಾಸ ಅಂತ ಒಬ್ಬ ಇದಾನಲ್ಲ, ವರ್ಷಕ್ಕೊಂದೇ ಸಲ ಕೂದಲು ಕತ್ತರಿಸ್ಕೊಳ್ಳೋನು...

— ರೋಹಿಣಿ ನಿಲೇಕಣಿ ಅವರದ್ದು. ಚಿತ್ರ ಏಂಜಿ ಮತ್ತು ಉಪೇಶ್.

— ಅದೇ. ನಾನು ಬಾಯಿ ತೆಗೆಯೋದಕ್ಕೆ ಮುಂಚೆ ಆ ಉದ್ದ ಕೂದಲು ನೋಡಿ ಹನ್ನೊಂದೂ ಮಕ್ಕಳು ಬಿದ್ದು ಬಿದ್ದು ನಕ್ಕವು. ಆಮೇಲೆ ನಾನು ಓದಿದ್ದು ಕನ್ನಡ, ಅವು ಕೇಳಿದ್ದು ಏನೋ. ಆದರೆ ಒಂದು ಒಡಿಯಾ ಹುಡುಗಿ ವಾರ ಬಿಟ್ಟು ಬಂದು ತನ್ನ ಕೂದಲು ತೋರಿಸಿ, ಬೆರಳಲ್ಲಿ ಕತ್ತರಿ ಮಾಡಿ, 'ಶೀನಿವಾಸ' ಅಂತು. ಅದು ಅವಳು ಹೇಳಿದ ಮೊದಲ ಕನ್ನಡದ ಪದ. ಹೆಸರು ಪದ ಅನ್ನಿಸ್ಕೊಳ್ಳುತ್ತೋ ಇಲ್ಲವೋ, ನಾನಂತೂ ಲೆಕ್ಕಕ್ಕೆ ಹಿಡಿದೆ. ತೊಂದರೆ ಏನು ಗೊತ್ತಾ? ನೋಡ್ತಾವೆ, ನಗ್ತಾವೆ, ಓದೋಕೆ ಬರಲ್ಲ. ನಲಿ-ಕಲಿ ಕ್ರಮದಲ್ಲಿ ಹೇಳ್ಕೊಡ್ತಿದೀನಿ. 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾಗಿ ಆಮೇಲೆ ನಮ್ಮ ಶಾಲೆಗಳಿಗೆಲ್ಲ ಬಂತಲ್ಲ, ಅದು. ಅದರಲ್ಲಿ ಅಆಇಈ ಇಂದ ಹೊರಡಲ್ಲ. ಮೊದಲು ರ, ಗ, ಸ, ದ, ಅ. ಬರೆಯೋಕೆ ಸುಲಭ, ಒಂದಕ್ಕೊಂದು ಹೋಲುತ್ವೆ. ಆ ಐದು ಬರುತ್ತೆ ಈಗ ಅವಕ್ಕೆ. ಆದರೆ ಐದೇ ಅಕ್ಷರದಲ್ಲಿ ಓದೋಕೆ ಪುಸ್ತಕ ಎಲ್ಲಿ? 'ಸರ', 'ಗರಗಸ', 'ಅಗಸ' ಅಂತ ಪಟ್ಟಿ ಓದಿಸಿ ಓದಿಸಿ ನನಗೇ ಆಕಳಿಕೆ.

— ಇನ್ನೊಂದು ಸಲ ಹೇಳಿ. ಯಾವ ಐದು?

— ರ ಗ ಸ ದ ಅ. ಗುಣಿತ ಇಲ್ಲ, ದೀರ್ಘ ಇಲ್ಲ, ಒತ್ತು ಇಲ್ಲ.

— ಒತ್ತು ಇಲ್ವಾ! ನನ್ನ ಪುಣ್ಯ. ಏನೇನು ಪದ ಬರುತ್ತೆ, ಹೇಳ್ತಾ ಹೋಗಿ, ನಾನು ಗೀಚ್ತೀನಿ.

— ಅರಸ. ಸರ. ರಸ. ಅಗಸ. ಗರಗಸ. ದರ. ಸರಸ ಬೇಡ, ಮಕ್ಕಳ ಪುಸ್ತಕ.

— ಅರಸ ಬಂದ. ಕತ್ತಲ್ಲಿ ಉದ್ದ ಸರ, ಹೊಟ್ಟೆ ತನಕ. ಬರೀ ನಾಮಪದ ಆಯ್ತಲ್ಲ ಮೇಷ್ಟ್ರೇ, ಯಾರೂ ಏನೂ ಮಾಡ್ತಿಲ್ಲ. ಕ್ರಿಯಾಪದ ಕೊಡಿ.

— ಕ್ರಿಯಾಪದಕ್ಕೆ ಗುಣಿತ ಬೇಕು ತಾಯಿ. 'ಬಂದ', 'ಹೋದ' ಏನೂ ಆಗಲ್ಲ. ತಡಿ ತಡಿ... ಕನ್ನಡದಲ್ಲಿ ಅನುಕರಣಾವ್ಯಯ ಅಂತ ಒಂದು ಇದೆಯಲ್ಲ! ಸರಸರ. ಗರಗರ. ದರದರ.

— ಅಯ್ಯೋ! ಸರಸರ ಅಂದ್ರೆ ಏನೋ ಹರಿದು ಹೋಯ್ತು, ಗರಗರ ಅಂದ್ರೆ ತಿರುಗಿತು, ದರದರ ಅಂದ್ರೆ ಎಳೆದರು. ಮೂರು ಪುಟ ಸಿಕ್ತು. ರಾತ್ರಿ ಅರಸ ಮಲಗಿದಾನೆ, ಸರ ಮಂಚದ ಪಕ್ಕ ಇದೆ. ಪುಟ ತಿರುಗಿಸಿದ್ರೆ, 'ಸರ ಸರಸರ!' ಸರ ತಾನೇ ಹೊರಟಿದೆ. ಅರಸನಿಗೆ ಹಾವು ಅನ್ಸುತ್ತೆ. ಹೆದರಿದ ಅನ್ನೋದು ಹೇಗೆ ಹೇಳೋದು? ಗಡಗಡದಲ್ಲಿ ಡ ಇದೆ.

— ಗದಗದ ನಡುಗಿದ ಅಂತೀವಲ್ಲ. ಗದಗದ!

— ಆಹಾ.

— ಇರು, ಇನ್ನೂ ಇದೆ. ಅರಸ ಯಾವ ಊರಿನವನು? ಗದಗ! ಗ, ದ, ಗ. ಗದಗದ ಅರಸ.

— ಗದಗದ ಅರಸ ಗದಗದ!

— ಹಹ್ಹಹ್ಹಾ! ವರ್ಷಗಟ್ಟಲೆ ಅದೇ ಐದು ಅಕ್ಷರ ಬೋರ್ಡಿನ ಮೇಲೆ ಬರೆದೆ ಕಣಮ್ಮ, ಅದರೊಳಗೆ ಒಂದು ಊರು, ಒಬ್ಬ ರಾಜ, ಅವನ ನಡುಕ ಎಲ್ಲಾ ಇದೆ ಅಂತ ಕಾಣಲೇ ಇಲ್ಲ.

— ಬರ್ಕೊಳ್ಳಿ, ಮರೆತುಹೋಗುತ್ತೆ. 'ಗದಗದ ಅರಸ.' 'ಗದಗದ ಅರಸರ ಸರ.' 'ಸರ ಸರಸರ!' 'ಗದಗದ ಅರಸ ಗದಗದ!' ಆಮೇಲೆ 'ಅರಸ ಗರಗರ', ಅಂದ್ರೆ ಕೋಣೆಯೆಲ್ಲ ತಿರುಗಿ ಹುಡುಕ್ತಾನೆ. ಮಂಚ 'ದರದರ'. ಸೇವಕ ಗಾಬರಿಯಲ್ಲಿ ಮಂಚದ ಕಾಲು ಕುಯ್ಯೋಕೆ ಬರ್ತಾನೆ, 'ಗರಗಸ! ಗರಗಸ!' ಮಂಚದಡಿ ಸಿಗೋದು...

— ಏನು? ಹಾವಾ? ಇಲಿನಾ?

— ನಾಯಿಮರಿ. ಸರ ಬಾಯಲ್ಲಿ ಕಚ್ಕೊಂಡು ಬಾಲ ಅಲ್ಲಾಡಿಸ್ತಾ ಕೂತಿರುತ್ತೆ.

— ಹಾಗಿದ್ರೆ ಕೆಟ್ಟೆವು. ನಾಯಿ ಅಂತ ಬರೆಯೋಕೆ ನ ಬೇಕು. ನ ಬರೋದು ಎರಡನೇ ಗುಂಪಲ್ಲಿ, ಜ ವ ಮ ಬ ನ. ಅದಕ್ಕೆ ದೀರ್ಘ ಬೇರೆ, ಯಿ ಬೇರೆ. ಇನ್ನೂ ಎರಡು ತಿಂಗಳು ಹಿಡಿಯುತ್ತೆ.

— ಬರೆಯೋದು ಯಾಕೆ ಮೇಷ್ಟ್ರೇ? ನಾಯಿ ಅಂತ ಎಲ್ಲೂ ಬರೆಯಲ್ಲ. ಮೊದಲ ಪುಟದಲ್ಲಿ ಸಿಂಹಾಸನದ ಹಿಂದೆ ಬಾಲದ ತುದಿ ಮಾತ್ರ. ಎರಡನೇ ಪುಟದಲ್ಲಿ ಪರದೆ ಕೆಳಗೆ ನಾಲ್ಕು ಪಾದ. ಮೂರನೇ ಪುಟಕ್ಕೆ ನಿಮ್ಮ ಒಡಿಯಾ ಹುಡುಗಿ ಅವಳ ಭಾಷೆಯಲ್ಲಿ ಕೂಗ್ತಾಳೆ, ರಾಯಚೂರಿನವು ಅವುಗಳ ಕನ್ನಡದಲ್ಲಿ ಕೂಗ್ತಾವೆ. ಅರಸನಿಗೊಬ್ಬನಿಗೇ ಗೊತ್ತಿರಲ್ಲ. ಓದ್ತಾ ಕೂತಿರೋ ನೀವೂ ಗೊತ್ತಿಲ್ಲದ ಹಾಗೆ ಮುಖ ಮಾಡಬೇಕು.

— ಅದು ಕಷ್ಟ. ನನಗೆ ನಗು ತಡೆಯೋಕಾಗಲ್ಲ.

— ಸೆಂಡಾಕ್ ಅಂತ ಅಮೆರಿಕದ ಒಬ್ಬರು ಕಾಡು ಕುದುರೆಗಳ ಪುಸ್ತಕ ಮಾಡೋಕೆ ಹೊರಟು, ಕುದುರೆ ಬರೆಯೋಕೆ ಬರ್ತಿಲ್ಲ ಅಂತ ಕುದುರೆ ಬಿಟ್ಟು ರಾಕ್ಷಸರನ್ನ ಬರೆದ್ರಂತೆ. 1963ರ ಆ ಪುಸ್ತಕ ಈಗಲೂ ಮಕ್ಕಳ ಕೈಯಲ್ಲಿದೆ. ಅವರಿಗೆ ಕುದುರೆ ಇಲ್ಲ, ನಮಗೆ ನ ಇಲ್ಲ.

— ಸರಿ. ಪುಸ್ತಕದ ಮೇಲೆ ಹೆಸರು ಯಾರದ್ದು ಹಾಕ್ತೀಯ?

— ಇಬ್ಬರದೂ. ಒಂದೇ ಸಾಲಲ್ಲಿ, ಒಂದೇ ಅಳತೆಯಲ್ಲಿ. 'ಕಥೆ' 'ಚಿತ್ರ' ಅಂತ ಬೇರೆ ಮಾಡಲ್ಲ.

— ನನ್ನ ಹೆಸರಲ್ಲಿ ಎರಡು ಒತ್ತಕ್ಷರ ಇದೆ, ನೋಡ್ಕೋ. ಮಕ್ಕಳಿಗೆ ಓದೋಕಾಗಲ್ಲ. 'ಮೇಷ್ಟ್ರು' ಅಂತ ಹಾಕೋಣ ಅಂದ್ರೆ ಅದು ಇನ್ನೂ ಕಷ್ಟ.

— ನಿಮ್ಮ ಹೆಸರಿಗೆ ಮಾತ್ರ ಜಾಗ ಬಿಡ್ತೀನಿ, ಚಿಂತೆ ಬೇಡ. ಶುಕ್ರವಾರ ರಾತ್ರಿಗೆ ಪೆನ್ಸಿಲ್ ಡಮ್ಮಿ ಹನ್ನೊಂದು ಪ್ರತಿ ಜೆರಾಕ್ಸ್ ಮಾಡ್ಸಿರ್ತೀನಿ, ಬಣ್ಣ ಇರಲ್ಲ. ಶನಿವಾರ ಹತ್ತು ಗಂಟೆಗೆ ಶೆಡ್ ಹತ್ತಿರ ಬನ್ನಿ, ಬರುವಾಗ ನಿಮ್ಮ ಅಳಿಯನ ಸ್ಟೇಪ್ಲರ್ ತನ್ನಿ. ನನ್ನದರಲ್ಲಿ ಪಿನ್ ಮುಗಿದಿದೆ.